ಒಳಗಿನ ಪ್ಯಾಡ್ ಮಾತ್ರ ಯಾಕೆ ಸವೆಯಿತು? ಮನೆಯಂಗಳದ ಒಂದು ಬ್ರೇಕ್ ರಿಪೇರಿ

ಸದ್ದು ಮೊದಲು ಕೇಳಿಸಿದ್ದು ನನಗಲ್ಲ, ಅಕ್ಕನ ಮಗನಿಗೆ.

ಕಳೆದ ನವೆಂಬರ್‌ನಲ್ಲಿ ಉಡುಪಿ ಕಡೆ ಒಂದು ಮದುವೆಗೆ ಹೊರಟಿದ್ದೆವು. ತೀರ್ಥಹಳ್ಳಿಯಿಂದ ಹೋಗುವ ನಮಗೆ ಆಗುಂಬೆ ಘಾಟಿಯೇ ದಾರಿ. 14 ಹೇರ್‌ಪಿನ್ ತಿರುವು. ಅರ್ಧ ಇಳಿದಿರಬಹುದು, ಹುಡುಗ ಗಾಜು ಇಳಿಸಿ ಕಿವಿ ಹೊರಗಿಟ್ಟು ಕೂತ. "ಮಾವ, ಎಡಗಡೆ ಮುಂದಿನ ಚಕ್ರ ಕಿರುಚ್ತಾ ಇದೆ." ಮಂಗ ಇರಬೇಕು ಕಣೋ ಎಂದೆ. ಆ ಘಾಟಿಯಲ್ಲಿ ತಿರುವಿಗೊಂದು ಮಂಗನ ಸಂಸಾರ. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಕೀಂಯ್ ಎಂದು ಸಣ್ಣ, ಹರಿತವಾದ ಸದ್ದು. ಕಾಲು ತೆಗೆದರೆ ನಿಂತಿತು. ಮಂಗ ಅಲ್ಲ.

ಸೋಮೇಶ್ವರದಲ್ಲಿ ಕಾಫಿಗೆ ನಿಲ್ಲಿಸಿದಾಗ ಮುಂದಿನ ಎರಡೂ ಚಕ್ರಗಳ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡಿದೆ. ಮುಟ್ಟಲಿಲ್ಲ, ಹತ್ತಿರ ಹಿಡಿದೆ ಅಷ್ಟೇ. ಬಲಗಡೆಯದು ಬೆಚ್ಚಗಿತ್ತು. ಘಾಟಿ ಇಳಿದ ಗಾಡಿಗೆ ಅದು ಸಹಜ. ಎಡಗಡೆಯದರ ಹತ್ತಿರ ಕೈ ಇಡಲು ಆಗಲಿಲ್ಲ, ಒಲೆ ಬಾಯಿಗೆ ಕೈ ಒಡ್ಡಿದ ಹಾಗಿತ್ತು. ಜೊತೆಗೆ ಒಂದು ಸುಟ್ಟ ವಾಸನೆ. ಒಂದೇ ಗಾಡಿ, ಒಂದೇ ಇಳಿಜಾರು, ಒಂದೇ ಕಾಲು ಒತ್ತಿದ ಬ್ರೇಕ್. ಎರಡು ಚಕ್ರಗಳಿಗೆ ಇಷ್ಟು ವ್ಯತ್ಯಾಸ ಇರಬಾರದು, ಅಲ್ವಾ?

ಅಲ್ಲಿಂದ ಮುಂದೆ ಆ ಗಾಡಿ ಓಡಿಸಲೇಬಾರದಿತ್ತು. ಓಡಿಸಿದೆ. ಮದುವೆ ಊಟದ ಆಸೆ ಎಂದೇ ಇಟ್ಟುಕೊಳ್ಳಿ. ವಾಪಸ್ ಬರುವಾಗ ಘಾಟಿ ಹತ್ತುವುದಾದ್ದರಿಂದ ಬ್ರೇಕಿಗೆ ಕೆಲಸ ಕಡಿಮೆ ಎಂಬ ಲೆಕ್ಕ ಹಾಕಿ ನಿಧಾನಕ್ಕೆ ಮನೆ ಸೇರಿದೆ. ಲೆಕ್ಕ ಸರಿ ಇತ್ತು, ಧೈರ್ಯ ಮಾತ್ರ ತಪ್ಪು.

ಗಾಡಿಯ ಜಾತಕ

2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಜೋರು ಬ್ರೇಕಿನಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಓಡಿದ್ದು 84,200 ಕಿಲೋಮೀಟರ್. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒಳಬದಿಯಿಂದೊಂದು, ಹೊರಬದಿಯಿಂದೊಂದು ಒತ್ತಿ ಹಿಡಿಯುವುದೇ ಪ್ಯಾಡ್. ಮುಂದಿನ ಡಿಸ್ಕ್ ಪ್ಯಾಡ್ ಕೊನೆಯ ಸಲ ಬದಲಾಯಿಸಿದ್ದು 61,400ರಲ್ಲಿ. ಬದಲಾಯಿಸಿದ್ದು ನಾನೇ, ಇದೇ ಅಂಗಳದಲ್ಲಿ. ಅಂದರೆ ಈ ಪ್ಯಾಡ್‌ಗಳ ಆಯಸ್ಸು 22,800 ಕಿಲೋಮೀಟರ್. ಮಲೆನಾಡಿನಲ್ಲಿ ಓಡುವ ಗಾಡಿಗೆ ತೀರಾ ಕಡಿಮೆ ಎನ್ನಲಾಗದು, ಜಾಸ್ತಿಯೂ ಅಲ್ಲ.

ಬಿಚ್ಚುವ ಮೊದಲೇ ಮನೆಯಲ್ಲಿ ಅಪರಾಧಿ ಯಾರೆಂದು ತೀರ್ಮಾನ ಆಗಿಹೋಗಿತ್ತು. ನನ್ನವಳ ಪ್ರಕಾರ ಭಾವ. ಬೇಸಿಗೆಯಲ್ಲಿ ಅವರು ಎರಡು ತಿಂಗಳು ಗಾಡಿ ಇಟ್ಟುಕೊಂಡಿದ್ದರು, ಇಳಿಜಾರಿನಲ್ಲೂ ನಾಲ್ಕನೇ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ ಅವರದು. ನನ್ನ ಅನುಮಾನ ಅಗ್ಗದ ಪ್ಯಾಡ್ ಮೇಲೆ. ಹುಡುಗ ಮಳೆ ಎಂದ. ಮೂರೂ ನಂಬುವಂಥ ಮಾತೇ.

ಭಾವನ ಅಭ್ಯಾಸದ ವಿಷಯ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಜನ, ಸಾಮಾನು ಸೇರಿ 1,000 ಕೆ.ಜಿ. ತೂಗುವ ಗಾಡಿ 500 ಮೀಟರ್ ಎತ್ತರದಿಂದ ಕೆಳಗೆ ಬಂತು ಎಂದುಕೊಳ್ಳಿ. ಆ ಶಕ್ತಿ ಎಲ್ಲೋ ಹೋಗಬೇಕಲ್ಲ. ಪೂರ್ತಿ ಬ್ರೇಕಿನಿಂದಲೇ ತಡೆದರೆ, 2 ಕಿಲೋವ್ಯಾಟಿನ ಗೀಸರ್ ಸುಮಾರು 40 ನಿಮಿಷ ಉರಿದಷ್ಟು ಬಿಸಿ ಆ ನಾಲ್ಕು ಚಕ್ರಗಳಲ್ಲಿ ಹುಟ್ಟುತ್ತದೆ. ಅದರಲ್ಲೂ ದೊಡ್ಡ ಪಾಲು ಮುಂದಿನ ಎರಡರಲ್ಲಿ. ಎರಡನೇ ಗೇರಿಗೆ ಹಾಕಿ ಇಳಿದರೆ ಅದರಲ್ಲಿ ಒಂದಷ್ಟನ್ನು ಎಂಜಿನ್ನೇ ನುಂಗಿಕೊಳ್ಳುತ್ತದೆ. ಹಳೆಯ ಬಸ್ ಡ್ರೈವರುಗಳು ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುತ್ತಿದ್ದದ್ದು ಇದಕ್ಕೇ.

ಆದರೆ ಭಾವ ಬ್ರೇಕ್ ಒತ್ತಿದ್ದರೆ ಎರಡೂ ಕಡೆ ಸವೆಯಬೇಕು. ಪ್ಯಾಡ್ ಅಗ್ಗದ್ದಾದರೂ ಅಷ್ಟೇ. ಒಂದೇ ಚಕ್ರ ಯಾಕೆ ಕಾದಿತ್ತು ಎಂಬ ಪ್ರಶ್ನೆಗೆ ಈ ಎರಡೂ ಉತ್ತರವಲ್ಲ. ಭಾವ ಅಷ್ಟರಮಟ್ಟಿಗೆ ಬಚಾವ್.

ಭಾನುವಾರ ಬೆಳಿಗ್ಗೆ

ಜಾಗ ಅಡಿಕೆ ಸುಲಿಯುವ ಚಪ್ಪರದ ಪಕ್ಕದ ಸಿಮೆಂಟ್ ನೆಲ. ಮಟ್ಟವಾಗಿದೆ, ಗಟ್ಟಿ ಇದೆ. ಇದನ್ನು ಯಾಕೆ ಹೇಳುತ್ತೇನೆ ಎಂದರೆ ಮನೆಯಲ್ಲಿ ಬ್ರೇಕ್ ಕೆಲಸ ಮಾಡುವವರಿಗೆ ದೊಡ್ಡ ಅಪಾಯ ಬ್ರೇಕಿನದಲ್ಲ, ಜಾಕಿನದು. ಗಾಡಿ ಜೊತೆ ಬರುವ ಜಾಕ್ ಸ್ಟೆಪ್ನಿ ಬದಲಾಯಿಸುವುದಕ್ಕೆ ಮಾತ್ರ. ಅದನ್ನೇ ನಂಬಿ ಚಕ್ರದ ಗೂಡಿಗೆ ತಲೆ ಹಾಕಬಾರದು. ನಾನು ಎರಡು ಜಾಕ್ ಸ್ಟ್ಯಾಂಡ್ ಇಟ್ಟುಕೊಂಡಿದ್ದೇನೆ. ಅದರ ಮೇಲೂ ನಂಬಿಕೆ ಸಾಲದೆ ಬಿಚ್ಚಿದ ಚಕ್ರವನ್ನು ಗಾಡಿಯ ಅಂಚಿನ ಕೆಳಗೆ ಮಲಗಿಸಿಡುತ್ತೇನೆ. ಗಾಡಿ ಜಾರಿದರೆ ಚಕ್ರದ ಮೇಲೆ ಕೂರಲಿ, ಕಾಲಿನ ಮೇಲೆ ಬೇಡ.

ನಮ್ಮ ಕಡೆ ಜಂಬಿಟ್ಟಿಗೆ ಕಲ್ಲನ್ನೇ ಗಾಡಿಗೆ ಆಸರೆ ಕೊಡುವವರು ಇದ್ದಾರೆ. ಮನೆ ಕಟ್ಟಲು ಅದು ಒಳ್ಳೆಯ ಕಲ್ಲು. ಆದರೆ ಗಾಡಿಯ ಭಾರ ಒಂದೇ ಚುಕ್ಕೆ ಮೇಲೆ ಬಿದ್ದರೆ ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗುತ್ತದೆ. ಸಿಮೆಂಟ್ ಇಟ್ಟಿಗೆಯೂ ಹಾಗೇ. ಹಿಂದಿನ ಚಕ್ರಗಳಿಗೆ ಅಡ್ಡ ಕೊಡಲು ಮಾತ್ರ ಅದನ್ನು ಬಳಸಿದೆ.

ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚಕ್ರ ನೆಲದ ಮೇಲಿರುವಾಗಲೇ ವೀಲ್ ನಟ್‌ಗಳನ್ನು ಅರ್ಧ ಸುತ್ತು ಸಡಿಲ ಮಾಡಿಕೊಂಡೆ. ಎತ್ತಿದ ಮೇಲೆ ಜೋರು ಹಾಕಿದರೆ ಚಕ್ರ ತಿರುಗುತ್ತದೆ, ಗಾಡಿ ಅಲುಗುತ್ತದೆ. ಆಮೇಲೆ ಜಾಕ್, ಸ್ಟ್ಯಾಂಡ್, ಚಕ್ರ ಹೊರಗೆ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದ್ದರಿಂದ ಪ್ಯಾಡ್‌ಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎದುರಿಗೇ ಬಂತು.

ಕಪ್ಪು ಪುಡಿ ಎಲ್ಲ ಕಡೆ ಕೂತಿತ್ತು. ಹುಡುಗ ಉಫ್ ಎಂದು ಊದಲು ಹೋದ. ತಡೆದೆ. ಹಳೆಯ ಕಾಲದ ಪ್ಯಾಡ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಈಗಿನವುಗಳ ಪುಡಿಯೂ ಶ್ವಾಸಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯುವುದೇ ಸರಿ. ಮೂಗಿಗೆ ಮಾಸ್ಕ್ ಕೋವಿಡ್ ಕಾಲದ್ದೇ ಉಳಿದಿತ್ತು.

ನಾಲ್ಕು ಪ್ಯಾಡ್, ನಾಲ್ಕು ಅಳತೆ

ಕ್ಯಾಲಿಪರಿನ ಕೆಳಗಿನ ಬೋಲ್ಟ್ ಬಿಚ್ಚಿ ಮೇಲಕ್ಕೆ ಮಗುಚಿದರೆ ಪ್ಯಾಡ್ ಕೈಗೆ ಬರುತ್ತದೆ. ಬಲಗಡೆ ಹಾಗೇ ಬಂತು. ಎಡಗಡೆ ಬರಲಿಲ್ಲ. "ಮಾವ, ಇದು ಅಲ್ಲಾಡ್ತಾನೇ ಇಲ್ಲ" ಎಂದ ಹುಡುಗ. ಆಗ ಅದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮರದ ಕೊಡತಿಯಿಂದ ಎರಡು ಏಟು ಕೊಟ್ಟು ಎಬ್ಬಿಸಿದೆ. ಉತ್ತರ ಅಲ್ಲೇ ಇತ್ತು, ಅದರ ತಲೆ ಮೇಲೆ ಹೊಡೆಯುತ್ತಿದ್ದೆ.

ಪ್ಯಾಡ್‌ಗಳನ್ನು ಒಂದು ಹಾಳೆಯ ಮೇಲೆ ಸಾಲಾಗಿಟ್ಟು, ಯಾವುದು ಎಲ್ಲಿಯದು ಎಂದು ಬರೆದೆವು. ಕಬ್ಬಿಣದ ತಟ್ಟೆ ಬಿಟ್ಟು ಉಜ್ಜುವ ಪದರದ ದಪ್ಪ ಮಾತ್ರ ಅಳೆಯಬೇಕು. ಹೊಸದರಲ್ಲಿ ಅದು 10 ಮಿ.ಮೀ. ಇತ್ತು. ಬಲ ಹೊರಗಿನದು 5.5. ಬಲ ಒಳಗಿನದು 5. ಎಡ ಹೊರಗಿನದು 6. ಎಡ ಒಳಗಿನದು ಒಂದು ತುದಿಯಲ್ಲಿ 2.5, ಇನ್ನೊಂದು ತುದಿಯಲ್ಲಿ 1.

ಈ ಸಂಖ್ಯೆಗಳನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂರಬೇಕು. ಎಷ್ಟೋ ಕಡೆ ಹಳೆಯ ಪ್ಯಾಡನ್ನು ಬಿಚ್ಚಿದ ತಕ್ಷಣ ಮೂಲೆಗೆ ಎಸೆಯುತ್ತಾರೆ. ಗಾಡಿ ತನ್ನ ಕಾಯಿಲೆ ಬರೆದುಕೊಟ್ಟ ಚೀಟಿ ಅದು. ಇಲ್ಲಿ ಅದು ಹೇಳುತ್ತಿದ್ದದ್ದು ಮೂರು ಮಾತು. ಒಂದು, ತೊಂದರೆ ಎಡ ಚಕ್ರದ್ದು ಮಾತ್ರ. ಎರಡು, ಎಡ ಹೊರಗಿನ ಪ್ಯಾಡ್ ನಾಲ್ಕರಲ್ಲೂ ದಪ್ಪ, ಅಂದರೆ ಅದು ಸರಿಯಾಗಿ ಕೆಲಸವನ್ನೇ ಮಾಡಿಲ್ಲ. ಮೂರು, ಒಳಗಿನದು ಓರೆಯಾಗಿ ಸವೆದಿದೆ, ಅಂದರೆ ಕ್ಯಾಲಿಪರ್ ನೇರವಾಗಿ ಸರಿಯುತ್ತಿಲ್ಲ, ಒಂದು ಮೂಲೆ ಎಲ್ಲೋ ಹಿಡಿದುಕೊಂಡಿದೆ.

ಕಿರುಚುತ್ತಿದ್ದದ್ದೂ ಆ ಒಳಗಿನ ಪ್ಯಾಡೇ. ಅದರ ತಟ್ಟೆಗೆ ಒಂದು ಸಣ್ಣ ಕಬ್ಬಿಣದ ನಾಲಿಗೆ ಇರುತ್ತದೆ. ಪದರ ತೆಳುವಾದಾಗ ನಾಲಿಗೆ ಡಿಸ್ಕಿಗೆ ತಾಗಿ ಸದ್ದು ಮಾಡಲಿ ಎಂದೇ ಇಟ್ಟಿರುವುದು. ಹೊರಗಿನಿಂದ ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡುವವರಿಗೆ ಕಾಣುವುದು ಹೊರ ಪ್ಯಾಡ್ ಮಾತ್ರ. ನಾನೂ ಅಕ್ಟೋಬರಿನಲ್ಲಿ ಹಾಗೇ ನೋಡಿ "ಇನ್ನೂ ಬೇಕಾದಷ್ಟಿದೆ" ಎಂದಿದ್ದೆ. 6 ಮಿ.ಮೀ. ಇತ್ತು, ಸುಳ್ಳಲ್ಲ. ಬೆನ್ನ ಹಿಂದೆ 1 ಇತ್ತು.

ಡಿಸ್ಕಿನ ಮೇಲೆ ಉಗುರು ಎಳೆದು ನೋಡಿದೆ. ಗೀರು ಕಾಣುತ್ತಿತ್ತು, ಉಗುರು ಸಿಕ್ಕಿಕೊಳ್ಳಲಿಲ್ಲ. ದಪ್ಪ ಅಳೆಯುವಾಗ ಒಂದು ಉಪಾಯ ಬೇಕು. ಸವೆದ ಡಿಸ್ಕಿನ ಹೊರ ಅಂಚು ಏಣಿನಂತೆ ಉಳಿದಿರುತ್ತದೆ. ವರ್ನಿಯರ್ ಅಳತೆಗೋಲು ಅದರ ಮೇಲೆ ಕೂತು ಜಾಸ್ತಿ ಅಳತೆ ತೋರಿಸುತ್ತದೆ. ಎರಡೂ ಮುಖಕ್ಕೆ ಒಂದೊಂದು ರೂಪಾಯಿ ನಾಣ್ಯ ಒತ್ತಿ ಹಿಡಿದು ಅದರ ಮೇಲೆ ಅಳೆದು, ಆಮೇಲೆ ಎರಡು ನಾಣ್ಯದ ದಪ್ಪ ಕಳೆದರೆ ಸರಿಯಾದ ಲೆಕ್ಕ ಸಿಗುತ್ತದೆ. ಇದಕ್ಕಿಂತ ಕಡಿಮೆಯಾಗಬಾರದು ಎಂಬ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ನಮ್ಮದು ಅದಕ್ಕಿಂತ ಒಂದು ಮಿ.ಮೀ. ಮೇಲಿತ್ತು. ಉಳಿಯಿತು. ಇನ್ನೊಂದು ಸಲ ಘಾಟಿ ಇಳಿದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕ್ ಜೋಡಿಯನ್ನೂ ತರಬೇಕಾಗುತ್ತಿತ್ತು.

ಪಿನ್

ಇಲ್ಲಿ ಒಂದು ನಿಮಿಷ ಕ್ಯಾಲಿಪರ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ.

ಸಾಮಾನ್ಯ ಕಾರುಗಳ ಕ್ಯಾಲಿಪರಿನಲ್ಲಿ ಬ್ರೇಕ್ ದ್ರವದ ಒತ್ತಡಕ್ಕೆ ಮುಂದೆ ಬರುವ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಬ್ರೇಕ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಹೊರಗಿನ ಪ್ಯಾಡನ್ನು ಯಾರು ಒತ್ತಬೇಕು? ಪಿಸ್ಟನ್ ಆ ಕಡೆ ತಳ್ಳಿದಾಗ ಇಡೀ ಕ್ಯಾಲಿಪರ್ ಈ ಕಡೆ ಸರಿದು ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಇಕ್ಕಳ ಹಿಡಿದ ಹಾಗೆ. ಹಾಗೆ ಸರಿಯಲು ಅದಕ್ಕೆ ಎರಡು ನುಣುಪಾದ ಸ್ಲೈಡ್ ಪಿನ್‌ಗಳಿವೆ, ಮೇಲೊಂದು ಕೆಳಗೊಂದು. ಸರಿಯುವುದು ಕೂದಲೆಳೆಯಷ್ಟು. ಆದರೆ ಅಷ್ಟು ಸರಿಯಲೇಬೇಕು. ಕಾಲು ತೆಗೆದಾಗ ಪಿಸ್ಟನ್ ಸುತ್ತ ಇರುವ ರಬ್ಬರ್ ಸೀಲ್ ತಿರುಚಿಕೊಂಡದ್ದು ಬಿಚ್ಚಿಕೊಂಡು ಪಿಸ್ಟನ್ನನ್ನು ಒಂದಿಷ್ಟು ಹಿಂದಕ್ಕೆಳೆಯುತ್ತದೆ. ಬೇರೆ ಸ್ಪ್ರಿಂಗ್ ಏನೂ ಇಲ್ಲ.

ಹಾಗಾಗಿ ಒಳಗಿನ ಪ್ಯಾಡ್ ಮಾತ್ರ ಸವೆದಿದ್ದರೆ ಅನುಮಾನ ಎರಡರ ಮೇಲೆ. ಪಿಸ್ಟನ್ ಹಿಂದೆ ಸರಿಯುತ್ತಿಲ್ಲ, ಅಥವಾ ಪಿನ್ ಸರಿಯುತ್ತಿಲ್ಲ. ಪಿಸ್ಟನ್ನನ್ನು ಮೊದಲು ನೋಡಿದೆ. ಹಳೆಯ ಪ್ಯಾಡನ್ನೇ ಅದರ ಮುಖಕ್ಕೆ ಅಡ್ಡ ಇಟ್ಟು ಸಿ-ಕ್ಲಾಂಪಿನಿಂದ ನಿಧಾನಕ್ಕೆ ಒತ್ತಿದೆ. ಬೆಣ್ಣೆಗೆ ಬೆರಳು ಹೋದ ಹಾಗೆ ಹಿಂದೆ ಹೋಯಿತು. ಸುತ್ತಲಿನ ರಬ್ಬರ್ ಹರಿದಿಲ್ಲ, ಎಲ್ಲೂ ಸೋರಿಲ್ಲ. ಪಿಸ್ಟನ್ ನಿರಪರಾಧಿ.

ಉಳಿದದ್ದು ಪಿನ್. ಬಲಗಡೆಯ ಮೇಲಿನ ಪಿನ್ನನ್ನು ಎರಡು ಬೆರಳಿನಲ್ಲಿ ಒತ್ತಿದೆ. ಒಳಗೆ ಹೋಯಿತು. ಬಿಟ್ಟಾಗ ಪಿನ್ನಿಗೆ ನೀರು, ಕೆಸರು ತಾಗದಂತೆ ಮುಚ್ಚುವ ರಬ್ಬರ್ ಕವಚದ, ಅಂದರೆ ಬೂಟಿನ ಒಳಗಿನ ಗಾಳಿ ಪುಸ್ ಎಂದು ಅದನ್ನು ಸ್ವಲ್ಪ ಹೊರಗೆ ನೂಕಿತು. ಆರೋಗ್ಯವಾದ ಪಿನ್ ಹೀಗಿರುತ್ತದೆ. ಎಡಗಡೆಯ ಮೇಲಿನದೂ ಹಾಗೇ. ಎಡಗಡೆಯ ಕೆಳಗಿನದನ್ನು ಒತ್ತಿದೆ. ಗೋಡೆ ಒತ್ತಿದ ಹಾಗಾಯಿತು. ಸ್ಪ್ಯಾನರ್ ಹಾಕಿ ಆ ಕಡೆ ಈ ಕಡೆ ತಿರುಗಿಸುತ್ತಾ, ಪಿನ್ನಿನ ತೂತಿರುವ ಬ್ರಾಕೆಟ್ಟನ್ನು ಹುಡುಗ ಹಿಡಿದುಕೊಂಡು, ಹತ್ತು ನಿಮಿಷ ಎಳೆದಾಟ. ಕೊನೆಗೆ ಟಪ್ ಎಂದು ಈಚೆ ಬಂತು.

ತುಕ್ಕು ಇರುತ್ತದೆ ಎಂದುಕೊಂಡಿದ್ದೆ. ಅದರ ಬೂಟಿನಲ್ಲಿ ಒಂದು ಸೀಳಿತ್ತು. ಎಡ ಚಕ್ರ ಸದಾ ರಸ್ತೆ ಪಕ್ಕದ ಕೆಸರಿನಲ್ಲೇ ಓಡುವುದು. ಮಳೆಗಾಲದ ನೀರು ಒಳಗೆ ಹೋಗಿ ಬುಡದಲ್ಲಿ ಕಂದು ಬಣ್ಣ ಬಂದಿತ್ತು ನಿಜ. ಆದರೆ ಪಿನ್ ಹಿಡಿದುಕೊಂಡಿದ್ದು ಅಲ್ಲಿ ಅಲ್ಲ. ಕೆಳಗಿನ ಪಿನ್ನಿನ ತುದಿಗೆ ನಮ್ಮ ಗಾಡಿಯಲ್ಲಿ ಒಂದು ಸಣ್ಣ ರಬ್ಬರ್ ಬುಷ್ ಇದೆ, ಪಿನ್ ಗಡಗಡ ಎನ್ನದಿರಲಿ ಎಂದು. ಅದು ನೀರಲ್ಲಿ ನೆನೆದ ಹುಣಸೆ ಬೀಜದ ಹಾಗೆ ಉಬ್ಬಿತ್ತು. ಮೆತ್ತಗೆ, ಜಿಗುಟಾಗಿ, ತೂತಿನ ತುಂಬ. ಬಲಗಡೆಯ ಕೆಳಗಿನ ಪಿನ್ ಎಳೆದು ನೋಡಿದೆ. ಬಂತು, ಆದರೆ ಬಿಗಿಯಾಗಿ. ಅದರ ಬುಷ್ಷೂ ಉಬ್ಬಲು ಶುರುವಾಗಿತ್ತು. ಬಲ ಒಳಗಿನ ಪ್ಯಾಡ್ ಅರ್ಧ ಮಿ.ಮೀ. ಜಾಸ್ತಿ ಸವೆದದ್ದು ಯಾಕೆಂದು ಈಗ ತಿಳಿಯಿತು.

ಬುಷ್ ಮೇಲೆ ಮೆತ್ತಿಕೊಂಡಿದ್ದ ಗ್ರೀಸನ್ನು ಬೆರಳಲ್ಲಿ ತೆಗೆದು ಮೂಸಿದೆ. ಗುರುತಿನ ವಾಸನೆ. ಕೊಟ್ಟಿಗೆಯ ಗೋಡೆಗೂಡಿನಲ್ಲಿ ಅದರ ಡಬ್ಬಿ ಈಗಲೂ ಇದೆ. ಗೇಟಿನ ತಿರುಗಣಿಗೆ, ಪಂಪ್‌ಸೆಟ್ಟಿಗೆ, ಕೈಗಾಡಿಯ ಚಕ್ರಕ್ಕೆ ಹಚ್ಚುವ ಮಾಮೂಲಿ ಗ್ರೀಸ್. 61,400 ಕಿಲೋಮೀಟರಿನಲ್ಲಿ ಪ್ಯಾಡ್ ಹಾಕಿದವನು ಪಿನ್ನಿಗೂ ಒಂದಿಷ್ಟು ಹಚ್ಚೋಣ, ಚೆನ್ನಾಗಿ ಜಾರಲಿ ಎಂದು ಅದನ್ನೇ ಧಾರಾಳವಾಗಿ ಬಳಿದಿದ್ದ. ಬೇರೆ ಯಾರೂ ಅಲ್ಲ, ನಾನೇ.

ಬ್ರೇಕಿನ ರಬ್ಬರುಗಳು ಸಾಮಾನ್ಯವಾಗಿ ಇಪಿಡಿಎಂ ಎಂಬ ಜಾತಿಯವು. ಬ್ರೇಕ್ ದ್ರವ ತಾಗಿದರೆ ಅವಕ್ಕೆ ಏನೂ ಆಗುವುದಿಲ್ಲ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಕುಡಿದು ಉಬ್ಬುತ್ತವೆ. ಮಾಮೂಲಿ ಗ್ರೀಸ್ ಎಂದರೆ ಸೋಪು ಬೆರೆಸಿ ಗಟ್ಟಿ ಮಾಡಿದ ಅದೇ ಎಣ್ಣೆ. ಪಿನ್ನಿಗೆ ಬೇಕಾದದ್ದು ಸಿಲಿಕೋನ್ ಗ್ರೀಸ್, ಅಥವಾ ಬ್ರೇಕಿಗೆಂದೇ ಮಾರುವ ಗ್ರೀಸ್. ನಾವು "ಬ್ರೇಕ್ ಆಯಿಲ್" ಎಂದು ಕರೆಯುವುದರಿಂದಲೂ ಅರ್ಧ ಗೊಂದಲ ಆಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಅದು ಆಯಿಲ್ ಅಲ್ಲವೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಹೆಸರು ಕೇಳಿ ಎಂಜಿನ್ ಆಯಿಲ್ ಸುರಿದರೆ ಗಾಡಿಯ ಒಂದೊಂದು ಬ್ರೇಕ್ ಸೀಲೂ ನನ್ನ ಬುಷ್ಷಿನ ಗತಿಯೇ.

ಹುಡುಗ ಏನೂ ಹೇಳಲಿಲ್ಲ. ಭಾವನಿಗೆ ಫೋನ್ ಮಾಡಿ ಹೇಳಲಾ ಎಂದು ಮಾತ್ರ ಕೇಳಿದ.

ಸಾಮಾನು

ಭಾನುವಾರ ಅಂಗಡಿ ಇಲ್ಲ. ಗಾಡಿ ಸ್ಟ್ಯಾಂಡ್ ಮೇಲೇ ನಿಂತಿತು. ಸೋಮವಾರ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋದೆ. ಹಳೆಯ ಪ್ಯಾಡ್, ಹಳೆಯ ಪಿನ್ ಎರಡನ್ನೂ ಕವರಿನಲ್ಲಿ ಹಾಕಿಕೊಂಡಿದ್ದೆ. ಒಂದೇ ಮಾಡೆಲಿನಲ್ಲೂ ವರ್ಷಕ್ಕೆ ತಕ್ಕಂತೆ ಕ್ಯಾಲಿಪರ್ ಬದಲಾಗಿರಬಹುದು, ಪಕ್ಕಪಕ್ಕ ಇಟ್ಟು ನೋಡಿ ತರುವುದೇ ಕ್ಷೇಮ.

ಪ್ಯಾಡ್ ಸೆಟ್ 1,450 ರೂಪಾಯಿ. ನಾಲ್ಕೂ ಪ್ಯಾಡ್ ಒಟ್ಟಿಗೇ ಬದಲಾಯಿಸಬೇಕು, ಒಂದು ಸವೆದಿದೆ ಎಂದು ಒಂದನ್ನೇ ತರುವಂತಿಲ್ಲ. ಎಡ ಬಲ ಹಿಡಿತ ಬೇರೆಯಾದರೆ ಜೋರು ಬ್ರೇಕಿನಲ್ಲಿ ಗಾಡಿ ಒಂದು ಕಡೆ ಎಳೆಯುತ್ತದೆ. ಪಿನ್ ಕಿಟ್ ಎಂದಾಗ ಅಂಗಡಿಯವರು ಸ್ವಲ್ಪ ಹುಡುಕಬೇಕಾಯಿತು. "ಇದನ್ನ ಯಾರೂ ಕೇಳಲ್ಲ ಸರ್, ಪ್ಯಾಡ್ ಮಾತ್ರ ತಗೊಂಡ್ ಹೋಗ್ತಾರೆ." ಎರಡು ಕಡೆಗೂ ಪಿನ್, ಬುಷ್, ಬೂಟ್ ಸೇರಿ 640 ರೂಪಾಯಿ. ಸಿಲಿಕೋನ್ ಗ್ರೀಸಿನ ಪುಟ್ಟ ಟ್ಯೂಬ್ 180. ಇಷ್ಟು ಸಣ್ಣ ಟ್ಯೂಬಿಗೆ 180 ರೂಪಾಯಿಯಾ ಎಂದು ಒಳಗೆ ಗೊಣಗಿಕೊಂಡೆ. ಎರಡೂವರೆ ವರ್ಷದ ಹಿಂದೆ ಕೊಟ್ಟಿದ್ದರೆ ಇವತ್ತು ಬಸ್ಸಿನಲ್ಲಿ ಕೂರಬೇಕಿರಲಿಲ್ಲ.

ಜೋಡಿಸಿದ್ದು

ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆ ಬಿಚ್ಚುವುದು ಒಳ್ಳೆಯದು. ಅನುಮಾನ ಬಂದಾಗ ನೋಡಿಕೊಳ್ಳಲು ಒಂದು ಜೋಡಿಸಿದ ಮಾದರಿ ಇರುತ್ತದೆ. ನಾನು ಅಳೆಯುವ ಹುಚ್ಚಿನಲ್ಲಿ ಎರಡೂ ಬಿಚ್ಚಿಟ್ಟಿದ್ದೆ. ಹುಡುಗ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರಿಂದ ಬದುಕಿದೆ. ಬುಷ್ ಇರುವ ಪಿನ್ ಮೇಲಿನದೋ ಕೆಳಗಿನದೋ ಎಂಬುದೇ ಮಂಗಳವಾರ ಬೆಳಿಗ್ಗೆ ಮರೆತುಹೋಗಿತ್ತು. ಬೇರೆ ಗಾಡಿಗಳಲ್ಲಿ ಅದು ಮೇಲೂ ಇರಬಹುದು.

ಪಿನ್ ತೂತುಗಳನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ, ಬ್ರೇಕ್ ಕ್ಲೀನರ್ ಹಾಕಿ, ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ತೊಳೆದೆವು. ಹಳೆಯ ಗ್ರೀಸ್ ಒಂದಿಷ್ಟು ಉಳಿದರೂ ಹೊಸ ಬುಷ್ಷಿಗೆ ಅದೇ ಹಣೆಬರಹ. ಹೊಸ ಪಿನ್ನಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ. ತುಂಬಿಸಿದರೆ ತೂತಿನ ತಳದಲ್ಲಿ ಗಾಳಿ ಸಿಕ್ಕಿಕೊಂಡು ಪಿನ್ ಒಳಗೇ ಹೋಗುವುದಿಲ್ಲ. ಬೂಟಿನ ಅಂಚು ಎರಡೂ ಕಡೆ ತನ್ನ ತೋಡಿನಲ್ಲಿ ಕೂತಿದೆಯೇ ಎಂದು ಉಗುರಿನಲ್ಲಿ ಸುತ್ತ ಮುಟ್ಟಿ ನೋಡಿಕೊಂಡೆ. ಹೋದ ಸಲ ಸೀಳು ಬಿದ್ದದ್ದು ಬಹುಶಃ ನನ್ನ ಸ್ಕ್ರೂಡ್ರೈವರಿನಿಂದಲೇ. ಈ ಸಲ ಬೆರಳು ಮಾತ್ರ.

ಪ್ಯಾಡಿನ ಕಿವಿಗಳು ಕೂರುವ ಬ್ರಾಕೆಟ್ಟಿನ ತೋಡಿನಲ್ಲಿ ತುಕ್ಕು ಗಂಟು ಕಟ್ಟಿರುತ್ತದೆ. ತಂತಿ ಬ್ರಷ್ಷಿನಿಂದ ಹೊಳೆಯುವವರೆಗೆ ಉಜ್ಜಿದರೆ ಪ್ಯಾಡ್ ಕೈಯಲ್ಲೇ ಹಿಂದೆ ಮುಂದೆ ಸರಿಯಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸುವಂತಿದ್ದರೆ ಇನ್ನೂ ಉಜ್ಜಬೇಕು ಎಂದರ್ಥ. ಕಿರುಚುವ ನಾಲಿಗೆ ಇರುವ ಪ್ಯಾಡ್ ಒಳಗಡೆಗೆ. ಕಬ್ಬಿಣದ ತಟ್ಟೆಯನ್ನೇ ಡಿಸ್ಕ್ ಕಡೆ ಮಾಡಿ ಹಾಕಿದವರನ್ನೂ ನಾನು ಕಂಡಿದ್ದೇನೆ, ನಗಬೇಡಿ, ಸಂಜೆ ಹೊತ್ತು ಅವಸರದಲ್ಲಿ ಆಗುವಂಥದ್ದೇ.

ಹೊಸ ಪ್ಯಾಡ್ ದಪ್ಪ, ಹಾಗಾಗಿ ಪಿಸ್ಟನ್ ಪೂರ್ತಿ ಹಿಂದೆ ಹೋಗಬೇಕು. ಅದು ಹಿಂದೆ ಹೋದಷ್ಟೂ ಬ್ರೇಕ್ ದ್ರವ ಬಾನೆಟ್ಟಿನ ಕೆಳಗಿನ ಡಬ್ಬಿಗೆ ವಾಪಸ್ ಬರುತ್ತದೆ. ಪ್ಯಾಡ್ ಸವೆದಂತೆ ಡಬ್ಬಿಯ ಮಟ್ಟ ಇಳಿಯುವುದು ಸಹಜ. ಯಾರಾದರೂ ನಡುವೆ "ಕಡಿಮೆಯಾಗಿದೆ" ಎಂದು ತುಂಬಿಸಿದ್ದರೆ ಈಗ ಉಕ್ಕುತ್ತದೆ. ನಮ್ಮದು ಮೇಲಿನ ಗೆರೆ ಮುಟ್ಟುತ್ತಿತ್ತು, ಸಿರಿಂಜಿನಲ್ಲಿ ಒಂದಿಷ್ಟು ತೆಗೆದೆ. ಪೇಂಟಿನ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಬಿದ್ದ ತಕ್ಷಣ ನೀರು ಹಾಕಿ ತೊಳೆಯಬೇಕು. ದ್ರವ ಕಂದಾಗಿತ್ತು. ಅದು ಗಾಳಿಯ ತೇವ ಹೀರುವ ವಸ್ತು. ಡಾಟ್ 3 ಎಂಬ ದರ್ಜೆಯ ಬ್ರೇಕ್ ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ, ನೀರು ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ದ್ರವ ಕುದಿದು ಆವಿಯಾದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಆದರೆ ದ್ರವ ಬದಲಾಯಿಸಿ ಗಾಳಿ ತೆಗೆಯುವ ಕೆಲಸ ನಾನು ಮನೆಯಲ್ಲಿ ಮಾಡುವುದಿಲ್ಲ. ಅದನ್ನು ಮುಂದಿನ ವಾರ ಗ್ಯಾರೇಜಿನಲ್ಲಿ ಮಾಡಿಸಿದೆ.

ಕೆಲಸ ನಡೆಯುವಾಗೆಲ್ಲ ಕ್ಯಾಲಿಪರನ್ನು ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟುತಂತಿಯಿಂದ ನೇತುಹಾಕಿದ್ದೆವು. ಬ್ರೇಕ್ ಹೋಸಿನ ಮೇಲೆ ಅದರ ಭಾರ ಬಿಡಬಾರದು, ಹೊರಗೆ ಏನೂ ಕಾಣದೆ ಒಳಗೇ ಸೀಳುತ್ತದೆ. ಕ್ಯಾಲಿಪರ್ ಬೋಲ್ಟ್‌ಗಳು ಸಣ್ಣವು, ಅವಕ್ಕೆ ವೀಲ್ ನಟ್ಟಿನ ಜೋರು ಬೇಡ. ಬಿಗಿ ಎಷ್ಟಾಯಿತೆಂದು ತೋರಿಸುವ ಟಾರ್ಕ್ ರೆಂಚನ್ನು ಗೆಳೆಯರೊಬ್ಬರಿಂದ ತಂದು, ಕೈಪಿಡಿಯಲ್ಲಿದ್ದಷ್ಟೇ ಬಿಗಿ ಮಾಡಿದೆ. ಚಕ್ರ ಹಾಕಿ, ನಟ್‌ಗಳನ್ನು ಎದುರುಬದುರು ಬಿಗಿದು, ಕೆಳಗಿಳಿಸಿದ ಮೇಲೆ ಮತ್ತೊಮ್ಮೆ.

ಬುಧವಾರ ಸಂಜೆ ಐದೂವರೆ. ಹುಡುಗ ಕೀ ಹಿಡಿದುಕೊಂಡು ಬಾಗಿಲು ತೆಗೆದಿದ್ದ. ತಡಿ ಎಂದೆ. ಎಂಜಿನ್ ಶುರು ಮಾಡುವ ಮೊದಲು ನಾನೇ ಕೂತು ಬ್ರೇಕ್ ಒತ್ತಿದೆ. ಕಾಲು ನೆಲ ಮುಟ್ಟಿತು. ಏನೂ ಇಲ್ಲ, ಖಾಲಿ. "ನೀನೇ ಒತ್ತಿ ನೋಡು" ಎಂದು ಅವನನ್ನು ಕೂರಿಸಿದೆ. ಮುಖ ಬಿಳುಚಿಕೊಂಡ. ಹಿಂದೆ ತಳ್ಳಿದ ಪಿಸ್ಟನ್ ಪ್ಯಾಡಿನವರೆಗೆ ಮತ್ತೆ ಬರಬೇಕು, ಅದಕ್ಕೆ ಏಳೆಂಟು ಸಲ ಒತ್ತಬೇಕು. ಐದನೇ ಸಲಕ್ಕೆ ಪೆಡಲ್ ಮೇಲೇ ನಿಂತಿತು. ನಮ್ಮ ಮನೆ ಅಂಗಳದಿಂದ ರಸ್ತೆಗೆ ಇಳಿಜಾರು, ಕೆಳಗೆ ಹಳ್ಳ. ಪೆಡಲ್ ಒತ್ತದೆ ಹಿಂದಕ್ಕೆ ತೆಗೆದಿದ್ದರೆ ಹೊಸ ಪ್ಯಾಡ್ ಹಾಕಿದ ಗಾಡಿ ಸೀದಾ ಅಲ್ಲಿರುತ್ತಿತ್ತು.

ರಸ್ತೆಯಲ್ಲಿ

ಹೊಸ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಪ್ಯಾಡಿನ ಪದರ ಡಿಸ್ಕ್ ಮೇಲೆ ತೆಳ್ಳಗೆ, ಸಮನಾಗಿ ಹತ್ತಿಕೊಳ್ಳಬೇಕು. ಮಟ್ಟದ, ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ ಮಧ್ಯಮ ಬ್ರೇಕಿನಲ್ಲಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ತೆಗೆದುಕೊಳ್ಳುವುದು, ನಡುವೆ ಅರ್ಧ ಕಿಲೋಮೀಟರ್ ತಣಿಯಲು ಬಿಡುವುದು. ಹೀಗೆ ಹತ್ತು ಸಲ. ಬಿಸಿ ಇರುವಾಗ ನಿಲ್ಲಿಸಿ ಬ್ರೇಕ್ ಒತ್ತಿಹಿಡಿದರೆ ಪ್ಯಾಡ್ ಕೂತ ಜಾಗದಲ್ಲಿ ಮಾತ್ರ ಪದರ ದಪ್ಪವಾಗಿ ಆಮೇಲೆ ಪೆಡಲ್ ನಡುಗುತ್ತದೆ. ಒಂದು ವಾರ ಘಾಟಿ ಕಡೆ ಹೋಗಲಿಲ್ಲ.

ವಾಪಸ್ ಬಂದು ಎರಡೂ ಚಕ್ರದ ಹತ್ತಿರ ಕೈ ಹಿಡಿದೆ. ಎರಡೂ ಒಂದೇ ಬಿಸಿ. ಹುಡುಗನೂ ಹಿಡಿದು ನೋಡಿ ತಲೆ ಆಡಿಸಿದ.

ಇನ್ನೊಂದು ಕೆಲಸ ಕುತೂಹಲಕ್ಕೆ ಮಾಡಿದ್ದು. ಹಳೆಯ ಬೂಟುಗಳಲ್ಲಿ ಚೆನ್ನಾಗಿದ್ದ ಒಂದನ್ನು ಎರಡು ತುಂಡು ಮಾಡಿ, ಒಂದನ್ನು ಎಂಜಿನ್ ಆಯಿಲ್ ಇದ್ದ ಸಣ್ಣ ಬಾಟಲಿಗೆ, ಇನ್ನೊಂದನ್ನು ಸಿಲಿಕೋನ್ ಗ್ರೀಸ್ ಹಚ್ಚಿ ಒಂದು ಮುಚ್ಚಳದಲ್ಲಿ ಇಟ್ಟೆ. ಒಂದು ವಾರದ ನಂತರ ತೆಗೆದಾಗ ವರ್ನಿಯರ್ ಬೇಕಾಗಲೇ ಇಲ್ಲ. ಎಣ್ಣೆಯಲ್ಲಿದ್ದದ್ದು ಬೆರಳಿಗೇ ಗೊತ್ತಾಗುವಷ್ಟು ಊದಿಕೊಂಡಿತ್ತು, ಹಿಸುಕಿದರೆ ಎಣ್ಣೆ ಒಸರುತ್ತಿತ್ತು. ಗ್ರೀಸಿನಲ್ಲಿದ್ದದ್ದು ಇಟ್ಟ ಹಾಗೇ ಇತ್ತು. ಭಾವ ಹಬ್ಬಕ್ಕೆ ಬಂದಾಗ ನನ್ನವಳು ಎರಡೂ ತುಂಡುಗಳನ್ನು ತಟ್ಟೆಯಲ್ಲಿಟ್ಟು ತೋರಿಸಿದಳು. ಅವರು ಸಂತೋಷದಿಂದಲೇ ನೋಡಿದರು.

ಏಪ್ರಿಲ್‌ನಲ್ಲಿ, ಮಳೆ ಶುರುವಾಗುವ ಮೊದಲು, 88,500ಕ್ಕೆ ಚಕ್ರ ಬಿಚ್ಚಿ ಅಳೆದೆವು. ಎಡ ಒಳಗಿನದು 9.1, ಹೊರಗಿನದು 9.2. ಬಲಗಡೆ ಎರಡೂ 9.2. ಅಳತೆಯನ್ನು ಹುಡುಗ ಕೊಟ್ಟಿಗೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಪಕ್ಕದ ಗೂಡಿನಲ್ಲಿರುವ ಗ್ರೀಸ್ ಡಬ್ಬಿಯ ಮೇಲೆ ಅವನೇ ಯಾವಾಗಲೋ ಮಾರ್ಕರಿನಲ್ಲಿ "ಗೇಟಿಗೆ ಮಾತ್ರ, ಮಾವ" ಎಂದು ಬರೆದಿಟ್ಟಿದ್ದಾನೆ.